ಕ್ಷಯರೋಗದ ಜೈವಿಕ ಸೂಚಕಗಳ ಸಂಶೋಧನೆ

ಕ್ಷಯರೋಗದ ಜೈವಿಕ ಸೂಚಕ ಅಥವಾ ಬಯೋಮಾರ್ಕರ್ ಎಂಬುದು ರಕ್ತ, ಮೂತ್ರ ಮೊದಲಾದವುಗಳಲ್ಲಿ ಕಂಡುಬಂದು ರೋಗದ ಇರುವಿಕೆಯನ್ನು ತಿಳಿಸುವ ಗುರುತು. ಕ್ಷಯದ ಪತ್ತೆಗೆ ಇಂದಿಗೂ ಕಫದ ಪರೀಕ್ಷೆಯೇ ಮುಖ್ಯ ಆಧಾರ. ಆದರೆ ಚಿಕ್ಕ ಮಕ್ಕಳು ಕಫವನ್ನು ಹೊರಹಾಕಲಾರರು. ಎಚ್‌ಐವಿ ಸೋಂಕಿತರ ಕಫದಲ್ಲಿ ರೋಗಾಣುಗಳು ವಿರಳ. ಗ್ರಂಥಿ ಮತ್ತು ಮೂಳೆಗಳಿಗಷ್ಟೇ ತಗುಲಿದ ಕ್ಷಯವು ಕಫದಲ್ಲಿ ತೋರುವುದೇ ಇಲ್ಲ. ಆದ್ದರಿಂದ ವಿಶ್ವ ಆರೋಗ್ಯ ಸಂಸ್ಥೆಯು ಕಫವನ್ನು ಅವಲಂಬಿಸದ ಪರೀಕ್ಷೆಗೆ ಇರಬೇಕಾದ ಗುಣಗಳನ್ನು 2014ರಲ್ಲಿ ನಿಗದಿಪಡಿಸಿತು.

2010ರಲ್ಲಿ ಬ್ರಿಟನ್ ಮತ್ತು ದಕ್ಷಿಣ ಆಫ್ರಿಕಾದ ರೋಗಿಗಳ ರಕ್ತದ ಅಧ್ಯಯನದಿಂದ ಸಕ್ರಿಯ ಕ್ಷಯವನ್ನು ಸೂಚಿಸುವ 393 ವಂಶವಾಹಿ ಪ್ರತಿಲೇಖಗಳು ಬೆಳಕಿಗೆ ಬಂದವು. ಅಷ್ಟೊಂದನ್ನು ಅಳೆಯುವುದು ತಾಲ್ಲೂಕು ಆಸ್ಪತ್ರೆಗೆ ನಿಲುಕುವ ಮಾತಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಾಗಸುಮಾ ಚಂದ್ರ ಅವರ ತಂಡವು ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ, ಚೆನ್ನೈನ ರಾಷ್ಟ್ರೀಯ ಕ್ಷಯರೋಗ ಸಂಶೋಧನಾ ಸಂಸ್ಥೆ ಹಾಗೂ ಲಂಡನ್ನಿನ ಕಿಂಗ್ಸ್ ಕಾಲೇಜಿನ ವಿಜ್ಞಾನಿಗಳ ಜೊತೆಗೂಡಿ, ಕೇವಲ 10 ವಂಶವಾಹಿಗಳ ಸೂಚಕವೊಂದನ್ನು 2017ರಲ್ಲಿ ಪ್ರಕಟಿಸಿತು. ಅದನ್ನು ದಕ್ಷಿಣ ಭಾರತದ ರೋಗಿಗಳ ರಕ್ತದಲ್ಲಿಯೂ ಪರಿಶೀಲಿಸಲಾಯಿತು.

ಈ ಪರಿಶೀಲನೆ ಔಪಚಾರಿಕವಾದುದಲ್ಲ. ರಕ್ತದಲ್ಲಿ ಕಾಣುವ ಇಂತಹ ಬದಲಾವಣೆಗಳಲ್ಲಿ ಹಲವು ವೈರಾಣು ಜ್ವರಗಳಲ್ಲಿಯೂ ತೋರುವುದರಿಂದ, ಒಂದು ದೇಶದ ಸೂಚಕ ಮತ್ತೊಂದು ದೇಶದಲ್ಲಿ ದಾರಿ ತಪ್ಪಿಸಬಹುದು. ಭಾರತದ ಜೈವಿಕ ತಂತ್ರಜ್ಞಾನ ಇಲಾಖೆ ಮತ್ತು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ನೆರವಿನಿಂದ 2013ರಲ್ಲಿ ಆರಂಭವಾದ ‘ರಿಪೋರ್ಟ್ ಇಂಡಿಯಾ’ ಒಕ್ಕೂಟವು ಏಕರೂಪದ ವಿಧಾನದಲ್ಲಿ ಮಾದರಿಗಳನ್ನು ಸಂಗ್ರಹಿಸಿಡುವುದು ಇದಕ್ಕಾಗಿಯೇ.

ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿಯಂತಹ ತಾಲ್ಲೂಕುಗಳ ಹಳ್ಳಿಗಳಿಗೆ ಬೇಕಾದುದು ಒಂದೇ ಭೇಟಿಯಲ್ಲಿ ಫಲಿತಾಂಶ ನೀಡುವ ಪರೀಕ್ಷೆ. ಬೆರಳ ತುದಿಯ ರಕ್ತದಲ್ಲಿ ಮೂರು ವಂಶವಾಹಿಗಳನ್ನು ಅಳೆಯುವ ಅಂತಹದೊಂದು ಪರೀಕ್ಷೆಯನ್ನು ಹಲವು ದೇಶಗಳಲ್ಲಿ ಪ್ರಯೋಗಿಸಿ ನೋಡಲಾಗಿದೆ.