ಸಣ್ಣ ಅಲಂಕಾರ ವಸ್ತುಗಳ ರವಾನೆಗೆ ಕೊರಗೇಟೆಡ್ ಪೆಟ್ಟಿಗೆ

ಎರಡು ಚಪ್ಪಟೆ ಹಾಳೆಗಳ ನಡುವೆ ಅಲೆಯಾಕಾರದ ಹಾಳೆಯನ್ನು ಅಂಟಿಸಿದ ರಟ್ಟಿನಿಂದ ಮಾಡಿದ್ದು ಕೊರಗೇಟೆಡ್ ಪೆಟ್ಟಿಗೆ. ಓಲೆ, ಸರ, ಬಳೆ, ಕಾಲ್ಗೆಜ್ಜೆ, ಹೇರ್ ಕ್ಲಿಪ್, ಬೆಲ್ಟ್ ಮೊದಲಾದ ಸಣ್ಣ ಅಲಂಕಾರ ವಸ್ತುಗಳನ್ನು ಅಂಚೆಯಲ್ಲೋ ಕೊರಿಯರ್‌ನಲ್ಲೋ ಕಳಿಸುವಾಗ ಹೊರಕವಚವಾಗಿ ಹೆಚ್ಚು ಬಳಕೆಯಲ್ಲಿರುವುದು ಇದೇ. ಈ ವಸ್ತುಗಳ ತೂಕ ಕೆಲವು ಗ್ರಾಂಗಳಿಂದ ಅರ್ಧ ಕಿಲೋವರೆಗೆ ಮಾತ್ರ. ಹೀಗಾಗಿ ಹಣ್ಣು, ಮಿಕ್ಸಿ, ಮೋಟಾರುಗಳಿಗೆ ಪೆಟ್ಟಿಗೆ ಆರಿಸುವ ಲೆಕ್ಕ ಇಲ್ಲಿ ಪೂರ್ತಿ ಹೊಂದುವುದಿಲ್ಲ. ಪೆಟ್ಟಿಗೆ ಕುಸಿದು ಓಲೆ ಹಾಳಾಗುವುದು ಅಪರೂಪ. ಒಳಗೆ ಕುಲುಕಾಡಿ, ಒಂದಕ್ಕೊಂದು ಉಜ್ಜಿ ಅಥವಾ ತೇವಕ್ಕೆ ಕಪ್ಪಾಗಿ ಹಾಳಾಗುವುದು ಸಾಮಾನ್ಯ.

ರಚನೆ

ಹೊರಗಿನ ಮತ್ತು ಒಳಗಿನ ಹಾಳೆಗೆ ಲೈನರ್ ಎಂದೂ ನಡುವಿನ ಅಲೆಗೆ ಫ್ಲೂಟ್ ಎಂದೂ ಹೆಸರು. ಎರಡು ಲೈನರ್, ಒಂದು ಫ್ಲೂಟ್ ಸೇರಿದರೆ 3 ಪ್ಲೈ. ಮೂರು ಲೈನರ್, ಎರಡು ಫ್ಲೂಟ್ ಸೇರಿದರೆ 5 ಪ್ಲೈ. ಒಂದೇ ಲೈನರ್ ಇರುವ 2 ಪ್ಲೈ ರಟ್ಟನ್ನು ಸುರುಳಿಯಾಗಿ ಮಾರುತ್ತಾರೆ. ಅದು ವಸ್ತುವನ್ನು ಸುತ್ತುವುದಕ್ಕೆ. ಅಂಟು ಬಹುಮಟ್ಟಿಗೆ ಪಿಷ್ಟದ್ದು, ಅದಕ್ಕೆ ಕಾಸ್ಟಿಕ್ ಸೋಡಾ ಮತ್ತು ಬೊರಾಕ್ಸ್ ಬೆರೆತಿರುತ್ತವೆ.

ಫ್ಲೂಟ್‌ಗಳನ್ನು ಅಕ್ಷರಗಳಿಂದ ಗುರುತಿಸುವುದು ರೂಢಿ. ಅಕ್ಷರಗಳು ಬಳಕೆಗೆ ಬಂದ ಕ್ರಮವನ್ನು ಅನುಸರಿಸುತ್ತವೆಯೇ ಹೊರತು ಗಾತ್ರವನ್ನಲ್ಲ. ಎ ಫ್ಲೂಟ್ ಸುಮಾರು 4.7 ಮಿ.ಮೀ., ಬಿ ಸುಮಾರು 2.5, ನಂತರ ಬಂದ ಸಿ ಇವೆರಡರ ನಡುವಿನದು, ಸುಮಾರು 3.6. ಇ ಫ್ಲೂಟ್ 1.2ರಿಂದ 1.5 ಮಿ.ಮೀ., ಎಫ್ ಅದಕ್ಕಿಂತಲೂ ಸಣ್ಣದು. ತಯಾರಕರಿಂದ ತಯಾರಕರಿಗೆ ಈ ಅಳತೆಗಳು ಸ್ವಲ್ಪ ಬದಲಾಗುತ್ತವೆ.

ಇತಿಹಾಸ

ಅಲೆಯಾಕಾರದ ಕಾಗದ ಮೊದಲು ಬಳಕೆಗೆ ಬಂದದ್ದು ಟೋಪಿಯ ಒಳಗೆ. 1856ರಲ್ಲಿ ಇಂಗ್ಲೆಂಡಿನ ಎಡ್ವರ್ಡ್ ಹೀಲಿ ಮತ್ತು ಎಡ್ವರ್ಡ್ ಅಲೆನ್ ಎತ್ತರದ ಟೋಪಿಗಳ ಒಳಪಟ್ಟಿಗೆ ನೆರಿಗೆ ಹಿಡಿದ ಕಾಗದವನ್ನು ಬಳಸುವುದಕ್ಕೆ ಪೇಟೆಂಟ್ ಪಡೆದರು. 1871ರಲ್ಲಿ ನ್ಯೂಯಾರ್ಕಿನ ಆಲ್ಬರ್ಟ್ ಜೋನ್ಸ್ ಅದನ್ನು ಬಾಟಲಿ ಮತ್ತು ದೀಪದ ಗಾಜಿನ ಚಿಮಣಿಗಳಿಗೆ ಸುತ್ತುವ ಸಾಮಗ್ರಿಯಾಗಿ ಮಾರ್ಪಡಿಸಿದರು. ಎಳೆದರೆ ಅಲೆ ಬಿಚ್ಚಿಕೊಳ್ಳುವುದು ಜೋನ್ಸ್ ಕಾಗದದ ದೋಷ. ಅಲೆಗೆ ಚಪ್ಪಟೆ ಹಾಳೆ ಅಂಟಿಸಿ ಬಿಗಿಮಾಡುವ ವಿಧಾನಕ್ಕೆ 1874ರಲ್ಲಿ ಆಲಿವರ್ ಲಾಂಗ್ ಪೇಟೆಂಟ್ ಪಡೆದರು. ಇಂದಿನ ರಟ್ಟಿನ ಮೂಲ ಇದು.

ರಟ್ಟು ಮಡಚುವ ಪೆಟ್ಟಿಗೆಯಾಗಲು ಬ್ರೂಕ್ಲಿನ್ನಿನಲ್ಲಿ ಕಾಗದದ ಚೀಲ ತಯಾರಿಸುತ್ತಿದ್ದ ರಾಬರ್ಟ್ ಗೇರ್ ಕಾರಣರಾದರು. ಬೀಜದ ಚೀಲ ಅಚ್ಚಾಗುತ್ತಿದ್ದಾಗ ಯಂತ್ರದ ಲೋಹದ ಪಟ್ಟಿಯೊಂದು ಜರುಗಿ ಚೀಲಗಳನ್ನು ಕತ್ತರಿಸಿಹಾಕಿತು. ಒಂದೇ ಒತ್ತಿನಲ್ಲಿ ಕತ್ತರಿಸುವುದು, ಮಡಿಕೆಗೆರೆ ಮೂಡಿಸುವುದು ಎರಡೂ ಸಾಧ್ಯವೆಂದು ಗೇರ್ ಕಂಡುಕೊಂಡದ್ದು 1879ರಲ್ಲಿ, ಸಾದಾ ರಟ್ಟಿನ ಮೇಲೆ. ಮುಂದೆ ಅದೇ ಕ್ರಮ ಕೊರಗೇಟೆಡ್ ರಟ್ಟಿಗೂ ಬಂತು. ಈಗ ಆಭರಣ ಮಾರಾಟಗಾರರು ಕೊಳ್ಳುವ ಡೈ ಕಟ್ ಪೆಟ್ಟಿಗೆ ಇದೇ ವಿಧಾನದ ಮುಂದುವರಿಕೆ.

ಮಾರುಕಟ್ಟೆಯಲ್ಲಿ ಮಾತ್ರ ಮರದ ಪೆಟ್ಟಿಗೆಯದೇ ಮೇಲುಗೈ ಇತ್ತು. ಅಮೆರಿಕದ ರೈಲ್ವೆ ಕಂಪನಿಗಳು ಕಾಗದದ ಪೆಟ್ಟಿಗೆಯ ಸರಕಿಗೆ ಮರದ ಪೆಟ್ಟಿಗೆಗಿಂತ ಹೆಚ್ಚು ದರ ವಿಧಿಸುತ್ತಿದ್ದವು. ಲಾಸ್ ಏಂಜಲೀಸಿನ ಪ್ರಿಡಮ್ ಕಂಪನಿ ಇದರ ವಿರುದ್ಧ ಅಂತರರಾಜ್ಯ ವಾಣಿಜ್ಯ ಆಯೋಗಕ್ಕೆ ದೂರಿತು. 1914ರ ತೀರ್ಪು ರಟ್ಟಿನ ಪೆಟ್ಟಿಗೆಯ ಪರವಾಗಿ ಬಂತು. ತಾರತಮ್ಯ ಮಾಡಲಾಗದ ರೈಲ್ವೆಗಳು ಪೆಟ್ಟಿಗೆಯ ಕನಿಷ್ಠ ಗುಣಮಟ್ಟವನ್ನು ನಿಯಮವಾಗಿಸಿದವು. ಸರಕಿನ ತೂಕ ಇಷ್ಟಾದರೆ ರಟ್ಟು ಸಿಡಿಯುವ ಒತ್ತಡ ಇಷ್ಟಿರಬೇಕು ಎಂಬ ಕೋಷ್ಟಕ ಹುಟ್ಟಿತು. ಅಮೆರಿಕದ ಪೆಟ್ಟಿಗೆಗಳ ತಳದಲ್ಲಿ ಕಾಣುವ ದುಂಡು ಮುದ್ರೆ ಆ ನಿಯಮದ ಉಳಿಕೆ. ಈ ಘಟನೆಯ ಪ್ರಭಾವ ರೈಲಿಗಿಂತ ಆಚೆಗೂ ಹಬ್ಬಿತು ಎನ್ನಬಹುದು: ಪೆಟ್ಟಿಗೆಯ ಗುಣವೆಂದರೆ ಸಿಡಿಯುವ ಬಲ ಎಂಬ ಭಾವನೆ ವ್ಯಾಪಾರದಲ್ಲಿ ಗಟ್ಟಿಯಾಗಿ ಬೇರೂರಿತು.

ಆದರೆ ಗೋದಾಮಿನಲ್ಲಿ ಒಂದರ ಮೇಲೊಂದು ಪೇರಿಸಿದ ಪೆಟ್ಟಿಗೆ ಸಿಡಿಯುವುದಿಲ್ಲ, ಕುಸಿಯುತ್ತದೆ. ಆದ್ದರಿಂದ ರಟ್ಟಿನ ಅಂಚು ಎಷ್ಟು ಒತ್ತಡ ತಡೆದೀತು ಎಂಬ ಅಳತೆ ಮುಖ್ಯವಾಯಿತು. ವಿಸ್ಕಾನ್ಸಿನ್‌ನ ಆ್ಯಪಲ್ಟನ್ನಿನಲ್ಲಿದ್ದ ಕಾಗದ ರಸಾಯನಶಾಸ್ತ್ರ ಸಂಸ್ಥೆಯ ಮೆಕ್ಕೀ ಮತ್ತು ಸಂಗಡಿಗರು 1963ರಲ್ಲಿ ಪ್ರಕಟಿಸಿದ ಸೂತ್ರದ ಸರಳ ರೂಪ, ಅಂಚಿನ ಬಲ, ರಟ್ಟಿನ ದಪ್ಪ, ಪೆಟ್ಟಿಗೆಯ ಸುತ್ತಳತೆ ಈ ಮೂರರಿಂದಲೇ ಪೆಟ್ಟಿಗೆ ಹೊರುವ ಭಾರವನ್ನು ಅಂದಾಜಿಸುತ್ತದೆ. 1990ರ ದಶಕದ ಆರಂಭದಲ್ಲಿ ಅಮೆರಿಕದ ಸಾಗಣೆ ನಿಯಮಗಳು ಸಿಡಿತದ ಬಲಕ್ಕೆ ಬದಲಾಗಿ ಅಂಚಿನ ಬಲವನ್ನೂ ಒಪ್ಪಿಕೊಂಡವು. ಪೆಟ್ಟಿಗೆಯ ಎತ್ತರ ಸುತ್ತಳತೆಯ ಏಳನೆಯ ಒಂದು ಭಾಗಕ್ಕಿಂತ ಕಡಿಮೆಯಿದ್ದರೆ ಸೂತ್ರದ ಸರಳ ರೂಪ ಅನ್ವಯವಾಗದು. ಓಲೆ, ಸರಗಳ ಚಪ್ಪಟೆ ಪೆಟ್ಟಿಗೆಗಳಲ್ಲಿ ಬಹುಪಾಲು ಈ ಮಿತಿಯ ಹೊರಗೇ ಉಳಿಯುತ್ತವೆ.

ಭಾರತದ ವಾಡಿಕೆಯ ಅಳತೆಗಳು

ಇಲ್ಲಿ ಪೆಟ್ಟಿಗೆಯ ಮಾತು ನಡೆಯುವುದು ಪ್ಲೈ, ಜಿ.ಎಸ್.ಎಂ., ಬಿ.ಎಫ್. ಎಂಬ ಮೂರು ಶಬ್ದಗಳಲ್ಲಿ. ಜಿ.ಎಸ್.ಎಂ. ಎಂದರೆ ಚದರ ಮೀಟರ್ ಕಾಗದದ ತೂಕ, ಬಿ.ಎಫ್. ಅಂದರೆ ಬರ್ಸ್ಟ್ ಫ್ಯಾಕ್ಟರ್. ಇವೆರಡನ್ನೂ ಗುಣಿಸಿ 1000ದಿಂದ ಭಾಗಿಸಿದರೆ ಚದರ ಸೆಂ.ಮೀ.ಗೆ ಇಷ್ಟು ಕಿಲೋ ಎಂಬ ಸಿಡಿತದ ಬಲ ಸಿಗುತ್ತದೆ. 150 ಜಿ.ಎಸ್.ಎಂ., 18 ಬಿ.ಎಫ್. ಕಾಗದದ ಒಂದು ಲೈನರ್‌ಗೆ 2.7. ಫ್ಲೂಟ್ ಕಾಗದಕ್ಕೆ ಅರ್ಧ ಮಾತ್ರ ಹಿಡಿಯುವುದು ವಾಡಿಕೆ, ಆದ್ದರಿಂದ 3 ಪ್ಲೈ ರಟ್ಟಿಗೆ ಒಟ್ಟು 6.75. ಕೊರಗೇಟೆಡ್ ಪೆಟ್ಟಿಗೆಗಳ ಭಾರತೀಯ ಮಾನಕ ಐಎಸ್ 2771. ಸಣ್ಣ ವ್ಯಾಪಾರಿಗಳ ಖರೀದಿಯಲ್ಲಿ ಮಾನಕಕ್ಕಿಂತ ಬೆರಳಿನ ಒತ್ತೇ ಪ್ರಮಾಣ. ಗೋಡೆಯನ್ನು ಒತ್ತಿದಾಗ ತಗ್ಗು ಬಿದ್ದು ಹಾಗೆಯೇ ಉಳಿದರೆ ಫ್ಲೂಟ್ ತಯಾರಿಕೆಯಲ್ಲೋ ಮುದ್ರಣದಲ್ಲೋ ಆಗಲೇ ಚಪ್ಪಟೆಯಾಗಿದೆ ಎಂದರ್ಥ.

ಪೆಟ್ಟಿಗೆಯ ಆಯ್ಕೆ

ಅರ್ಧ ಕಿಲೋದೊಳಗಿನ ಅಲಂಕಾರ ವಸ್ತುಗಳಿಗೆ 3 ಪ್ಲೈ ಸಾಕು. ಭದ್ರತೆಗೆಂದು 5 ಪ್ಲೈ ಕೇಳುವ ರೂಢಿಯಿದೆ. ಅದರಿಂದ ಗೋಡೆ ದಪ್ಪವಾಗಿ ಹೊರ ಅಳತೆ ಹಿಗ್ಗುತ್ತದೆ, ಮಡಿಕೆಗಳು ಒರಟಾಗುತ್ತವೆ, ರಕ್ಷಣೆ ಅದೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲ. ಅಂಗೈಯಗಲದ ಪೆಟ್ಟಿಗೆಗೆ ಇ ಫ್ಲೂಟ್ ಹೆಚ್ಚು ಸೂಕ್ತ. ಅದರ ಮಡಿಕೆ ನೇರ, ಮೇಲ್ಮೈ ನುಣುಪು, ಮುದ್ರಣ ಚೊಕ್ಕ. ಗಾಜಿನ ಬಳೆ, ಪಿಂಗಾಣಿ ಪದಕಗಳಿಗೆ ಬಿ ಫ್ಲೂಟ್ ಒಳ್ಳೆಯದು.

ಆಕಾರಗಳಿಗೆ ಯುರೋಪಿನ ತಯಾರಕರ ಒಕ್ಕೂಟ ಫೆಫ್ಕೊ ಕೊಟ್ಟ ಸಂಖ್ಯೆಗಳು ಎಲ್ಲೆಡೆ ಚಾಲ್ತಿಯಲ್ಲಿವೆ. ಮೇಲೆ ಕೆಳಗೆ ನಾಲ್ಕು ನಾಲ್ಕು ರೆಕ್ಕೆಗಳಿರುವ ಸಾಮಾನ್ಯ ಪೆಟ್ಟಿಗೆ 0201. ಟೇಪಿಲ್ಲದೆ ನಿಲ್ಲುವ, ಮುಚ್ಚಳ ಮುಂದಕ್ಕೆ ಸಿಕ್ಕಿಸುವ ಚಪ್ಪಟೆ ಡೈ ಕಟ್ ಪೆಟ್ಟಿಗೆ 0427. ಎರಡನೆಯದರ ಅಕ್ಕಪಕ್ಕದ ಗೋಡೆಗಳು ಮಡಚಿ ಇಮ್ಮಡಿಯಾಗುವುದರಿಂದ ಮೂಲೆ ಜಜ್ಜುವುದು ಕಡಿಮೆ. ಆಭರಣಕ್ಕೆ ಇದನ್ನೇ ಆರಿಸುವುದು ಲೇಸು. ಅಳತೆ ಕೊಡುವಾಗ ಒಳ ಅಳತೆ ಎಂದು ನಮೂದಿಸಬೇಕು, ಇಲ್ಲದಿದ್ದರೆ ಗೋಡೆಯ ದಪ್ಪದಷ್ಟು ಜಾಗ ಕಳೆದುಹೋಗುತ್ತದೆ.

ಸಣ್ಣ ಪಾರ್ಸೆಲ್‌ಗಳು ಹೆಚ್ಚಾಗಿ ಚೀಲಗಳಲ್ಲಿ ಇತರ ಪಾರ್ಸೆಲ್‌ಗಳೊಂದಿಗೆ ಸಾಗುತ್ತವೆ. ಹೀಗಾಗಿ ಮೇಲೆ ಬೀಳುವ ಭಾರಕ್ಕಿಂತ ಎಲ್ಲ ದಿಕ್ಕಿನ ಉರುಳಾಟವನ್ನು ಎಣಿಸಬೇಕು. ಪಾರ್ಸೆಲ್ ಪರೀಕ್ಷೆಗೆ ಅಂತರರಾಷ್ಟ್ರೀಯವಾಗಿ ಬಳಸುವ ಇಸ್ಟಾ 3ಎ ಕ್ರಮವು 4.5 ಕಿಲೋ ಮತ್ತು 35 ಸೆಂ.ಮೀ. ಮೀರದ ಚಿಕ್ಕ ಪೆಟ್ಟಿಗೆಗಳನ್ನು ಬೇರೆ ವರ್ಗವಾಗಿಯೇ ಕಾಣುತ್ತದೆ. ಮುಚ್ಚಿದ ಪೆಟ್ಟಿಗೆಯನ್ನು ಕಿವಿಯ ಬಳಿ ಅಲುಗಿಸಿದಾಗ ಸದ್ದು ಬಂದರೆ ತುಂಬಿದ್ದು ಸಾಲದು. ಓಲೆಯನ್ನು ರಂಧ್ರವಿರುವ ಕಾರ್ಡಿಗೆ ಸಿಕ್ಕಿಸಬೇಕು. ಸರದ ಕೊಂಡಿ ಹಾಕಿ, ಎರಡು ಕಡೆ ಕಾರ್ಡಿಗೆ ಹಿಡಿದರೆ ಸಿಕ್ಕಾಗದು. ಗಾಜಿನ ಬಳೆಗಳನ್ನು ರಟ್ಟಿನ ಕೊಳವೆಗೆ ಬಿಗಿಯಾಗಿ ಏರಿಸಿ, ಕೊಳವೆ ಪೆಟ್ಟಿಗೆಯ ಗೋಡೆಗೆ ತಾಕದಂತೆ ಇಡುವುದು ಕ್ಷೇಮ. ಚನ್ನಪಟ್ಟಣದ ಮರದ ಬಳೆ ಒಡೆಯುವುದಿಲ್ಲ, ಆದರೆ ತಿರುಗುವ ಚರಕಿಯಲ್ಲಿ ತಿಕ್ಕಾಟದ ಬಿಸಿಗೆ ಕರಗಿ ಹತ್ತಿದ ಅದರ ಅರಗು ರಟ್ಟಿನ ಕ್ರಾಫ್ಟ್ ಕಾಗದಕ್ಕೆ ಉಜ್ಜಿ ಹೊಳಪು ಕಳೆದುಕೊಳ್ಳುತ್ತದೆ. ಪ್ರತಿ ಬಳೆಗೂ ತೆಳು ಟಿಶ್ಯೂ ಕಾಗದ ಬೇಕು. ಬಿಸಿಲಲ್ಲಿ ನಿಂತ ಮುಚ್ಚಿದ ವ್ಯಾನಿನ ಶಾಖವೂ ಅರಗಿಗೆ, ಅಂಟಿಸಿದ ಹರಳುಗಳಿಗೆ ಒಳ್ಳೆಯದಲ್ಲ.

ಲೋಹ ಮತ್ತು ತೇವ

ಬೆಳ್ಳಿ ಕಪ್ಪಾಗುವುದು ಗಂಧಕದಿಂದ, ತೇವ ಆ ಕ್ರಿಯೆಯನ್ನು ಚುರುಕುಗೊಳಿಸುತ್ತದೆ. ಕ್ರಾಫ್ಟ್ ಕಾಗದದ ತಿರುಳನ್ನು ಬೇಯಿಸುವಾಗ ಸೋಡಿಯಂ ಸಲ್ಫೈಡ್ ಬಳಸುವುದರಿಂದ ಗಂಧಕದ ಅಂಶ ಅಲ್ಪಸ್ವಲ್ಪ ಉಳಿದಿರಬಹುದು. ರದ್ದಿಯಿಂದ ಮಾಡಿದ ಕಾಗದದಲ್ಲಿ ಏನೇನು ಸೇರಿದೆ ಎಂದು ಹೇಳುವುದು ಇನ್ನೂ ಕಷ್ಟ. ಬೆಳ್ಳಿ, ಹಿತ್ತಾಳೆ, ತಾಮ್ರದ ಒಡವೆ ರಟ್ಟಿಗೆ ನೇರ ತಾಕಬಾರದು. ಜಿಪ್ ಇರುವ ಪಾಲಿಥೀನ್ ಚೀಲ, ಒಳಗೆ ಸಿಲಿಕಾ ಜೆಲ್ ಪೊಟ್ಟಣ, ದುಬಾರಿ ಒಡವೆಗೆ ಆ್ಯಂಟಿ ಟಾರ್ನಿಶ್ ಕಾಗದ ಎಂಬುದು ಸಾಕಷ್ಟು ನಂಬಬಹುದಾದ ಕ್ರಮ. ಪಿವಿಸಿ ಚೀಲ ಬೇಡ. ಕಾಲ್ಗೆಜ್ಜೆಗಳ ಜೋಡಿಯನ್ನು ರಬ್ಬರ್ ಬ್ಯಾಂಡಿನಿಂದ ಕಟ್ಟುವುದು ಅಂಗಡಿಗಳ ಹಳೆಯ ಚಾಳಿ; ಗಟ್ಟಿಗೊಳಿಸಿದ ರಬ್ಬರಿನಲ್ಲಿರುವ ಗಂಧಕ ಬೆಳ್ಳಿಯ ಮೇಲೆ ಕಪ್ಪು ಪಟ್ಟೆ ಮೂಡಿಸುತ್ತದೆ. ಬೀದರಿನ ಬಿದ್ರಿ ಓಲೆ, ಪದಕಗಳಲ್ಲಿ ಕಪ್ಪು ಸತುವಿನ ಮಿಶ್ರಲೋಹದಲ್ಲಿ ಬೆಳ್ಳಿ ಕೂರಿಸಿರುವುದರಿಂದ ಅವುಗಳಿಗೂ ಇದೇ ಎಚ್ಚರ ಬೇಕು. ಬೇಕೆಂದೇ ಕಪ್ಪಾಗಿಸಿದ ಆಕ್ಸಿಡೈಸ್ಡ್ ಒಡವೆಗಳಿಗೆ ಇಷ್ಟು ಕಾಳಜಿ ಅಗತ್ಯವಿಲ್ಲ.

ತೇವ ರಟ್ಟನ್ನೂ ಬಿಡುವುದಿಲ್ಲ. ಗಾಳಿಯ ಆರ್ದ್ರತೆ ಶೇ. 50ರಿಂದ 90ಕ್ಕೆ ಏರಿದಾಗ ಪೆಟ್ಟಿಗೆಯ ಬಲ ಸುಮಾರು ಅರ್ಧಕ್ಕಿಳಿಯುತ್ತದೆ. ಮಂಗಳೂರು, ಕಾರವಾರಗಳ ಮಳೆಗಾಲದಲ್ಲಿ ಖಾಲಿ ಪೆಟ್ಟಿಗೆಗಳನ್ನು ನೆಲದ ಮೇಲೆ ಪೇರಿಸದೆ, ಗೋಡೆಯಿಂದ ದೂರವಿಟ್ಟು, ಪ್ಲಾಸ್ಟಿಕ್ ಹೊದಿಸಿಡುವುದು ಇದರಿಂದಲೇ.

ಗಾತ್ರ ಮತ್ತು ದರ

ಕೊರಿಯರ್‌ಗಳು ನಿಜವಾದ ತೂಕ, ಗಾತ್ರದ ತೂಕ ಎರಡರಲ್ಲಿ ಹೆಚ್ಚಿನದಕ್ಕೆ ದರ ಹಿಡಿಯುತ್ತವೆ. ಉದ್ದ, ಅಗಲ, ಎತ್ತರಗಳನ್ನು ಸೆಂ.ಮೀ.ನಲ್ಲಿ ಗುಣಿಸಿ ಸಾಮಾನ್ಯವಾಗಿ 5000ದಿಂದ ಭಾಗಿಸಿದರೆ ಬರುವುದೇ ಗಾತ್ರದ ತೂಕ. 80 ಗ್ರಾಂನ ಒಂದು ಸೆಟ್ಟನ್ನು 25, 20, 10 ಸೆಂ.ಮೀ. ಪೆಟ್ಟಿಗೆಯಲ್ಲಿಟ್ಟರೆ 1 ಕಿಲೋದ ದರ. 12, 10, 4 ಸೆಂ.ಮೀ. ಪೆಟ್ಟಿಗೆಯಲ್ಲಿ ಗಾತ್ರದ ತೂಕ 96 ಗ್ರಾಂ. ದೊಡ್ಡ ಪೆಟ್ಟಿಗೆಯ ಖಾಲಿ ಜಾಗ ತುಂಬಲು ಬೇಕಾದ ಕಾಗದದ ಖರ್ಚು ಬೇರೆ.

ಮರುಬಳಕೆ

ಬಳಸಿದ ಪೆಟ್ಟಿಗೆಯ ಫ್ಲೂಟ್ ಮೂಲೆಗಳಲ್ಲಿ ಜಜ್ಜಿರುತ್ತದೆ, ಮಡಿಕೆಗಳಲ್ಲಿ ನಾರು ಸಡಿಲಗೊಂಡಿರುತ್ತದೆ. ಬಟ್ಟೆಯ ಕೂದಲಪಟ್ಟಿ, ಸ್ಕಾರ್ಫ್‌ಗಳಿಗೆ ಅದು ನಡೆದೀತು, ಗಾಜಿಗೆ ಬೇಡ. ಮತ್ತೆ ಬಳಸುವುದಾದರೆ ಹಳೆಯ ಬಾರ್‌ಕೋಡನ್ನು ಪೂರ್ತಿ ಹೊಡೆದುಹಾಕಬೇಕು ಅಥವಾ ಕಿತ್ತುಹಾಕಬೇಕು. ಇಲ್ಲದಿದ್ದರೆ ವಿಂಗಡಣೆಯ ಸ್ಕ್ಯಾನರ್ ಹಿಂದಿನ ವಿಳಾಸವನ್ನೇ ಓದುವ ಸಂಭವವಿದೆ.