ಬೂಷ್ಟಿನ ವಂಶಾವಳಿ

ಕುಂದಾಣವೆಂದೊಡನೆಯೇ ನಮ್ಮ ಇತಿಹಾಸಪ್ರಿಯರ ಮನಸ್ಸು ಹೊಯ್ಸಳ ರಾಮನಾಥನ ಕಡೆಗೆ ಹರಿಯುವುದು ಸಹಜ. ಹದಿಮೂರನೆಯ ಶತಮಾನದಲ್ಲಿ ಆ ಅರಸನು ರಾಜಧಾನಿ ಮಾಡಿಕೊಂಡಿದ್ದ ಕುಂದಾಣಿಯು ದೇವನಹಳ್ಳಿ ತಾಲ್ಲೂಕಿನ ಈ ಕುಂದಾಣವೇ ಎಂದು ಕೆಲವರೂ, ಅದು ಹೊಸೂರಿನ ಕಡೆಯದೆಂದು ಮತ್ತೆ ಕೆಲವರೂ ವಾದಿಸುತ್ತ ಬಂದಿರುವರು. ಆ ವಾದವನ್ನು ಶಾಸನಜ್ಞರಿಗೇ ಬಿಡೋಣ. ಅರಸರು ಬರುವುದಕ್ಕೆ ಮುಂಚೆಯೇ ಈ ಭೂಮಿಯಲ್ಲಿ ಬೇರೂರಿದ್ದು, ಅವರು ಹೋದಮೇಲೆಯೂ ಉಳಿದಿರುವ ಬೇರೊಂದು ಪ್ರಜೆಯುಂಟು. ಶ್ರಾವಣದ ಸೋನೆ ಹಿಡಿದು ನಾಲ್ಕು ದಿನವಾದ ಮೇಲೆ ಗುಂಡುತೋಪಿನೊಳಗೆ ಹೋಗಿ, ಬಿದ್ದ ಕೊರಡನ್ನು ಮಗುಚಿ ನೋಡಿದವರಿಗೆ ಅದರ ದರ್ಶನವಾಗುವುದು. ಒಂದೆಡೆ ಹತ್ತಿಯಂತೆ ಬಿಳಿಯ ನೂಲು. ಇನ್ನೊಂದೆಡೆ ಕಾಡಿಗೆಯಂಥ ಕರಿಯ ಹುಡಿ. ಮತ್ತೊಂದೆಡೆ ಅರಿಸಿನವನ್ನು ಕಲಸಿ ಚೆಲ್ಲಿದಂತೆ ಹಳದಿಯ ಲೋಳೆ. ಅರಸರ ವಂಶಾವಳಿಯನ್ನು ಕಲ್ಲಿನಲ್ಲಿ ಕೆತ್ತಿಟ್ಟರು. ಈ ಪ್ರಜೆಯ ವಂಶಾವಳಿಯನ್ನು ಬರೆದವರಾರು, ಅದರಲ್ಲಿ ನಮ್ಮ ನಾಡಿನ ಪಾಲೆಷ್ಟು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ನಮ್ಮ ಹಿರಿಯರಿಗೆ ಇವು ಅಪರಿಚಿತವಾಗಿರಲಿಲ್ಲ. ಬೂಷ್ಟು, ಅಣಬೆ, ನಾಯಿಕೊಡೆ ಎಂಬ ಮಾತುಗಳು ಮನೆಮನೆಯವು. ಶಿಲೀಂಧ್ರವೆಂಬ ಸಂಸ್ಕೃತ ಶಬ್ದವೂ ಹಳೆಯದೇ. ಮೇಘದ ಗರ್ಜನೆಯಿಂದ ಭೂಮಿಯಲ್ಲಿ ಶಿಲೀಂಧ್ರಗಳೇಳುವುದನ್ನು ಕಾಳಿದಾಸನು ಮೇಘದೂತದಲ್ಲಿ ಹೇಳಿರುವನು. ಗುಡುಗಿದರೆ ಅಣಬೆ ಹುಟ್ಟುವುದೆಂದು ನಮ್ಮ ರೈತರೂ ಹೇಳುವರು. ಇವು ಹುಟ್ಟುವ ಬಗೆ ತಿಳಿಯದಿದ್ದರೂ, ಇವು ಕೊಡುವ ಕಾಟವು ನಮ್ಮವರಿಗೆ ಚೆನ್ನಾಗಿ ತಿಳಿದಿತ್ತು. ರಾಗಿಗೆ ಬೆಂಕಿ ರೋಗ, ಜೋಳಕ್ಕೆ ಕಾಡಿಗೆ ರೋಗ, ರೇಷ್ಮೆಯ ಹುಳುವಿಗೆ ಸುಣ್ಣಕಟ್ಟು, ಅಡಕೆಗೂ ಕಾಫಿಗೂ ಕೊಳೆರೋಗ: ಇವೆಲ್ಲವೂ ಕಣ್ಣಿಗೆ ಕಂಡ ಲಕ್ಷಣದಿಂದ ಇಟ್ಟ ಹೆಸರುಗಳು. ಸತ್ತ ಹುಳು ಸುಣ್ಣ ಬಳಿದಂತೆ ಬೆಳ್ಳಗೆ ಗಟ್ಟಿಯಾದ್ದರಿಂದ ಸುಣ್ಣಕಟ್ಟು. ಗೊನೆ ಕೊಳೆತು ಉದುರಿದ್ದರಿಂದ ಕೊಳೆರೋಗ. ಲಕ್ಷಣದ ಹಿಂದೆ ಜೀವವೊಂದು ಅಡಗಿದೆಯೆಂಬ ತಿಳಿವಳಿಕೆಗೆ ಮಾತ್ರ ಸೂಕ್ಷ್ಮದರ್ಶಕ ಯಂತ್ರವು ಬರಬೇಕಾಯಿತು.

ಆ ಯಂತ್ರದ ಮೂಲಕ ಬೂಷ್ಟನ್ನು ನೋಡಿ ಚಿತ್ರ ಬರೆದವರಲ್ಲಿ ಇಂಗ್ಲೆಂಡಿನ ರಾಬರ್ಟ್ ಹುಕ್ ಮೊದಲಿಗನು. 1665 ರಲ್ಲಿ ಪ್ರಕಟವಾದ ಅವನ ಗ್ರಂಥದಲ್ಲಿ ಬೂಷ್ಟಿನ ಸಣ್ಣ ಕಾಂಡಗಳೂ ಗುಲಾಬಿಯ ಎಲೆಯ ತುಕ್ಕೂ ಕಾಣುವುವು. ಆದರೆ ಬೂಷ್ಟಿಗೂ ಬೀಜವುಂಟೆಂದು ತೋರಿಸಿದವನು ಇಟಲಿಯ ಮಿಕೇಲಿ. ಅವನು ಬೂಷ್ಟಿನ ಹುಡಿಯನ್ನು ಕರ್ಬೂಜದ ಹೋಳುಗಳ ಮೇಲೆ ಹಾಕಿ, ಅದೇ ಜಾತಿಯ ಬೂಷ್ಟು ಮತ್ತೆ ಬೆಳೆಯುವುದನ್ನು ಕಂಡು 1729 ರಲ್ಲಿ ಬರೆದಿಟ್ಟನು. ಬೂಷ್ಟು ಕೊಳೆತದ್ದರಿಂದ ತಾನಾಗಿ ಹುಟ್ಟುವುದೆಂಬ ನಂಬಿಕೆಗೆ ಅಲ್ಲಿಂದ ಬಿರುಕು ಬಿದ್ದಿತು. ಆಮೇಲೆ 1835 ರಲ್ಲಿ ಅದೇ ದೇಶದ ಅಗೊಸ್ಟಿನೊ ಬಾಸ್ಸಿಯು, ರೇಷ್ಮೆಹುಳುವಿನ ಸುಣ್ಣಕಟ್ಟು ರೋಗಕ್ಕೆ ಒಂದು ಸೂಕ್ಷ್ಮ ಶಿಲೀಂಧ್ರವೇ ಕಾರಣವೆಂದು ಸಿದ್ಧಪಡಿಸಿದನು. ಪ್ರಾಣಿಯ ರೋಗವೊಂದಕ್ಕೆ ಸೂಕ್ಷ್ಮಜೀವಿ ಕಾರಣವೆಂದು ಲೋಕಕ್ಕೆ ತಿಳಿದದ್ದು ಅದೇ ಮೊದಲು. ಪಾಸ್ತರನ ಕೀರ್ತಿಯ ಬೆಳಕಿನಲ್ಲಿ ಬಾಸ್ಸಿಯ ಹೆಸರು ಮಸುಕಾಗಿದೆಯಾದರೂ, ಹಿಪ್ಪುನೇರಳೆ ಬೆಳೆದು ಹುಳು ಸಾಕುವ ನಮ್ಮ ಸೀಮೆಯವರು ಅವನನ್ನು ನೆನೆಯಬೇಕಾದದ್ದು ನ್ಯಾಯ.

1845 ರಲ್ಲಿ ಐರ್ಲೆಂಡಿನ ಆಲೂಗೆಡ್ಡೆಯ ಹೊಲಗಳು ಕೆಲವೇ ವಾರಗಳಲ್ಲಿ ಕರಗಿ ಹೋಗಿ ಘೋರ ಕ್ಷಾಮವುಂಟಾಯಿತು. ಎಲೆಯ ಮೇಲಿನ ಬಿಳಿಯ ಬೂಷ್ಟು ರೋಗದ ಫಲವಲ್ಲ, ಅದೇ ರೋಗದ ಕಾರಣವೆಂದು ಬರ್ಕ್ಲಿ ಎಂಬ ಪಾದ್ರಿಯು ಮರುವರ್ಷವೇ ವಾದಿಸಿದನು. ಅದನ್ನು ಪ್ರಯೋಗದಿಂದ ಸ್ಥಾಪಿಸಿ, 1876 ರಲ್ಲಿ ಅದಕ್ಕೆ ‘ಗಿಡವನ್ನು ನಾಶಮಾಡುವುದು’ ಎಂಬರ್ಥದ ಫೈಟಾಫ್ತೊರ ಎಂಬ ಹೆಸರಿಟ್ಟವನು ಜರ್ಮನಿಯ ಡಿ ಬಾರಿ.

ಇದೇ ಡಿ ಬಾರಿಯು ಅದಕ್ಕೆ ಹಿಂದೆಯೇ ಹಳದಿಯ ಲೋಳೆಯ ಜೀವನಚರಿತ್ರೆಯನ್ನೂ ಬಿಡಿಸಿದ್ದನು. ಲೋಳೆಬೂಷ್ಟು ಕಣದಿಂದ ಹೊರಟಾಗ ಒಂದೇ ಕೋಶದ ಜೀವಿ. ಆಮೇಲೆ ಬೆಳೆದು ಅಂಗೈಯಗಲದ ಒಂದೇ ಮುದ್ದೆಯಾಗಿ, ಬ್ಯಾಕ್ಟೀರಿಯಗಳನ್ನೂ ಶಿಲೀಂಧ್ರದ ಕಣಗಳನ್ನೂ ನುಂಗುತ್ತ ಕೊರಡಿನ ಮೇಲೆ ತೆವಳುವುದು. ಕಾಲ ಬಂದಾಗ ನಿಂತು, ಸಾಸುವೆಗಿಂತ ಸಣ್ಣದಾದ ಕಾಯಿಗಳನ್ನು ಬಿಟ್ಟು ಹುಡಿಯಾಗುವುದು. ತೆವಳುವಾಗ ಪ್ರಾಣಿಯಂತೆ, ಫಲಿಸುವಾಗ ಶಿಲೀಂಧ್ರದಂತೆ ಕಾಣುವ ಇದನ್ನು ಅವನು ‘ಶಿಲೀಂಧ್ರಪ್ರಾಣಿ’ ಎಂಬರ್ಥದ ಹೆಸರಿನಿಂದ ಕರೆದನು. ಇವುಗಳ ಪ್ರಮಾಣಗ್ರಂಥವನ್ನು 1894 ರಲ್ಲಿ ಬರೆದ ಆರ್ಥರ್ ಲಿಸ್ಟರ್, ಶಸ್ತ್ರವೈದ್ಯದಲ್ಲಿ ಪ್ರಖ್ಯಾತನಾದ ಜೋಸೆಫ್ ಲಿಸ್ಟರನ ತಮ್ಮ. ಅವನ ಮಗಳು ಗುಲಿಯೆಲ್ಮಾ ಲಿಸ್ಟರ್ ಆ ಗ್ರಂಥವನ್ನು 1911 ರಲ್ಲೂ 1925 ರಲ್ಲೂ ಪರಿಷ್ಕರಿಸಿದಳು.

ಇನ್ನು ನಮ್ಮ ನಾಡಿನ ಕಡೆಗೆ ಬರೋಣ. ಕಾಫಿಯ ತೋಟಗಳಲ್ಲಿ ಮಳೆಗಾಲದಲ್ಲಿ ಎಲೆಗಳು ಕಪ್ಪಾಗಿ ಕೊಳೆತು, ನೆಲಕ್ಕೆ ಬೀಳದೆ, ಜೇಡನ ನೂಲಿನಂಥ ಎಳೆಗಳಿಂದ ಕೊಂಬೆಗೆ ತೂಗಾಡುವ ರೋಗವೊಂದುಂಟು. 1876 ರಲ್ಲಿ ಇಂಗ್ಲೆಂಡಿನ ಕುಕ್ ಎಂಬ ಪಂಡಿತನು ಇದರ ಶಿಲೀಂಧ್ರವನ್ನು ಪರೀಕ್ಷಿಸಿ, ಅದಕ್ಕೆ ಪೆಲ್ಲಿಕ್ಯುಲೇರಿಯ ಕೊಲೆರೋಗ ಎಂದು ನಾಮಕರಣ ಮಾಡಿದನು. ನಮ್ಮ ತೋಟದ ಆಳುಗಳ ಬಾಯಿಯಲ್ಲಿದ್ದ ಕೊಳೆರೋಗವೆಂಬ ಕನ್ನಡ ಮಾತು ಹೀಗೆ ಲ್ಯಾಟಿನ್ ಹೆಸರಿನ ಪಂಕ್ತಿಯಲ್ಲಿ ಕುಳಿತಿತು. ಲ್ಯಾಟಿನಿಗೆ ‘ಳ’ಕಾರ ಬಾರದಿದ್ದರೂ ಮಾತು ನಮ್ಮದೇ. 1958 ರಲ್ಲಿ ಡೊಂಕ್ ಎಂಬ ಡಚ್ ವಿದ್ವಾಂಸನು ಇದನ್ನೇ ಕುಲದ ಹೆಸರಾಗಿ ಮಾಡಿ ಕೊಲೆರೋಗ ನಾಕ್ಸಿಯ ಎಂದು ಕರೆದನು. ಪಂಡಿತರು ಆಮೇಲೆಯೂ ಹೆಸರನ್ನು ಬದಲಿಸಿರುವರಾದರೂ, ಓದುಬರಹವಿಲ್ಲದ ಕೃಷಿಕರ ಅವಲೋಕನವು ಲೋಕದ ಶಾಸ್ತ್ರದಲ್ಲಿ ಅಚ್ಚೊತ್ತಿದ ಗುರುತು ಇದು.

ಮೈಸೂರು ಸಂಸ್ಥಾನದಲ್ಲಿ ಈ ವಿದ್ಯೆಗೆ ನೆಲೆ ದೊರೆತದ್ದು ಹೆಬ್ಬಾಳದಲ್ಲಿ. ಕುಂದಾಣದವರು ಬೆಂಗಳೂರಿಗೆ ಹೋಗುವಾಗ ದಾಟುವ ಅದೇ ಹೆಬ್ಬಾಳದಲ್ಲಿ, 1899 ರಲ್ಲಿ, ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು ಕೊಟ್ಟ ಮೂವತ್ತು ಎಕರೆ ಭೂಮಿಯ ಮೇಲೆ ಡಾಕ್ಟರ್ ಲೇಮನ್ನರ ಕೈಕೆಳಗೆ ಪ್ರಯೋಗಕ್ಷೇತ್ರವು ಆರಂಭವಾಯಿತು. 1908 ರಲ್ಲಿ ಕೆನಡಾ ದೇಶದ ಲೆಸ್ಲಿ ಕೋಲ್ಮನ್ನರು ಶಿಲೀಂಧ್ರಶಾಸ್ತ್ರ ಹಾಗೂ ಕೀಟಶಾಸ್ತ್ರಗಳ ತಜ್ಞರಾಗಿ ಸರ್ಕಾರದ ಸೇವೆಗೆ ಬಂದರು. ಅವರು ಕೈಗೆತ್ತಿಕೊಂಡ ಮೊದಲ ದೊಡ್ಡ ಕೆಲಸವೇ ಮಲೆನಾಡಿನ ಅಡಕೆಯ ಕೊಳೆರೋಗ.

ಆ ಕಾಲದಲ್ಲಿ ಮಲೆನಾಡಿನವರು ಮಳೆಗೆ ಮೊದಲು ಮರ ಹತ್ತಿ, ಪ್ರತಿಯೊಂದು ಗೊನೆಗೂ ಕೊಟ್ಟೆ ಕಟ್ಟಿ ನೀರು ತಾಗದಂತೆ ಕಾಪಾಡುತ್ತಿದ್ದರು. ಕಾರಣವು ತಿಳಿಯದಿದ್ದರೂ ಉಪಾಯವು ಸರಿಯಾಗಿಯೇ ಇತ್ತು. ಕೋಲ್ಮನ್ನರು ರೋಗದ ಕಾಯಿಗಳನ್ನು ಪರೀಕ್ಷಿಸಿ, ಇದೂ ಐರ್ಲೆಂಡಿನ ಆಲೂಗೆಡ್ಡೆಯನ್ನು ಕೆಡಿಸಿದ ಫೈಟಾಫ್ತೊರದ ಬಳಗವೇ ಎಂದು 1910 ರಲ್ಲಿ ಪ್ರಕಟಿಸಿದರು. ಇದರ ಕಣಗಳು ನೀರಿನಲ್ಲಿ ಈಜುವುವು; ಮಳೆಯ ಹನಿಯೇ ಅವುಗಳ ವಾಹನ. ಕೊಟ್ಟೆಯು ಗೊನೆಯನ್ನು ಏಕೆ ಕಾಯುತ್ತಿತ್ತೆಂಬುದು ಹೀಗೆ ಬೆಳಕಿಗೆ ಬಂತು. ಮರಮರಕ್ಕೂ ಕೊಟ್ಟೆ ಕಟ್ಟುವ ಶ್ರಮಕ್ಕೆ ಬದಲಾಗಿ ಅವರು ಬೋರ್ಡೊ ದ್ರಾವಣವನ್ನು ಬಳಕೆಗೆ ತಂದರು. ಮೈಲುತುತ್ತ ಮತ್ತು ಸುಣ್ಣಗಳ ಈ ಮಿಶ್ರಣದ ಕಥೆಯೂ ಸ್ವಾರಸ್ಯವಾದದ್ದು. ಫ್ರಾನ್ಸಿನ ಬೋರ್ಡೊ ಸೀಮೆಯ ದ್ರಾಕ್ಷಿಯ ಬೆಳೆಗಾರರು, ದಾರಿಹೋಕರು ಹಣ್ಣು ಕದಿಯದಿರಲೆಂದು ರಸ್ತೆಯಂಚಿನ ಬಳ್ಳಿಗಳಿಗೆ ಇದನ್ನು ಬಳಿಯುತ್ತಿದ್ದರು. ಆ ಬಳ್ಳಿಗಳು ಮಾತ್ರ ರೋಗವಿಲ್ಲದೆ ಹಸುರಾಗಿದ್ದುದನ್ನು ಕಂಡ ಮಿಯಾರ್ಡೆಯು ಪ್ರಯೋಗ ನಡೆಸಿ 1885 ರಲ್ಲಿ ಪ್ರಕಟಿಸಿದನು. ಮಲೆನಾಡಿನ ಜಡಿಮಳೆಗೆ ತೊಳೆದುಹೋಗದಂತೆ ಕೋಲ್ಮನ್ನರು ಇದಕ್ಕೆ ರಾಳದ ಅಂಟನ್ನು ಸೇರಿಸಿದರು. ಒಂದು ನೂರು ಲೀಟರು ನೀರಿಗೆ ಒಂದೊಂದು ಕಿಲೋ ಮೈಲುತುತ್ತ ಮತ್ತು ಸುಣ್ಣದಂತೆ ಕೂಡಿಸಿ, ಮುಂಗಾರಿಗೆ ಮೊದಲೊಮ್ಮೆ, ಆಮೇಲೆ ಸುಮಾರು ನಲವತ್ತು ದಿನಗಳಿಗೊಮ್ಮೆ ಹೊಡೆಯುವ ಪದ್ಧತಿಯು ನೂರು ವರ್ಷಗಳಿಗೂ ಮಿಕ್ಕಿ ನಡೆದುಬಂದಿದೆ.

ಕೋಲ್ಮನ್ನರು ಆಮೇಲೆ ಕೃಷಿ ಇಲಾಖೆಯ ನಿರ್ದೇಶಕರಾದರು. ಬಾಳೆಹೊನ್ನೂರಿನ ಬಳಿಯ ಕಾಫಿ ಸಂಶೋಧನಾ ಕೇಂದ್ರವು 1925 ರಲ್ಲಿ ಆರಂಭವಾಯಿತು. ಭರತಖಂಡದ ಶಿಲೀಂಧ್ರಗಳೆಲ್ಲವನ್ನೂ ಬಟ್ಲರ್ ಮತ್ತು ಬಿಸ್ಬಿ ಎಂಬವರು 1931 ರಲ್ಲಿ ಒಂದೇ ಗ್ರಂಥದಲ್ಲಿ ಪಟ್ಟಿಮಾಡಿದರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಮಂಡಯಂ ಜೀರ್‌ಸನ್ನಿಧಿ ತಿರುಮಲಾಚಾರ್ಯರು ನಮ್ಮ ಸಂಸ್ಥಾನದ ತುಕ್ಕು ಮತ್ತು ಕಾಡಿಗೆಯ ಶಿಲೀಂಧ್ರಗಳನ್ನು ಸಂಗ್ರಹಿಸಿ ಅನೇಕ ಹೊಸ ಜಾತಿಗಳನ್ನು ವರ್ಣಿಸಿದರು. ಕಾಡಿಗೆಯ ಶಿಲೀಂಧ್ರಗಳ ಒಂದು ಕುಲಕ್ಕೆ 1944 ರಲ್ಲಿ ಅವರಿಟ್ಟ ಹೆಸರು ಮುಂಡ್ಕೂರೆಲ್ಲ. 1947 ರಲ್ಲಿ ಭಾರತೀಯ ಸಸ್ಯರೋಗಶಾಸ್ತ್ರ ಸಂಘವನ್ನು ಕಟ್ಟಿದ ಮುಂಡ್ಕೂರರ ಗೌರವಾರ್ಥವಾಗಿ ಇಟ್ಟ ಆ ಹೆಸರಿನೊಳಗೆ ಕಾರ್ಕಳದ ಕಡೆಯ ಊರೊಂದರ ಹೆಸರು ಉಳಿದುಕೊಂಡಿದೆ. ತಿರುಮಲಾಚಾರ್ಯರು ಮುಂದೆ ಪಿಂಪರಿಯ ಹಿಂದುಸ್ತಾನ್ ಆಂಟಿಬಯಾಟಿಕ್ಸ್ ಸಂಸ್ಥೆಯಲ್ಲಿ, ಮನುಷ್ಯನಿಗೆ ತಗಲುವ ಶಿಲೀಂಧ್ರರೋಗಗಳಿಗೆ ಹ್ಯಾಮೈಸಿನ್ ಎಂಬ ಔಷಧವನ್ನೂ, ಬೆಳೆಗಳಿಗೆ ಆರಿಯೋಫಂಜಿನ್ ಎಂಬುದನ್ನೂ ರೂಪಿಸಿದವರಲ್ಲಿ ಮುಖ್ಯರಾದರು.

ಇಷ್ಟರಲ್ಲಿ ವಂಶಾವಳಿಯೇ ಬುಡಮೇಲಾಯಿತು. ಶಿಲೀಂಧ್ರಗಳು ಸಸ್ಯಗಳೆಂದು ಎಣಿಸುತ್ತಿದ್ದುದನ್ನು ಬಿಟ್ಟು, 1969 ರಲ್ಲಿ ವಿಟೇಕರ್ ಎಂಬವರು ಅವುಗಳಿಗೆ ಪ್ರತ್ಯೇಕ ಸಾಮ್ರಾಜ್ಯವನ್ನೇ ಕೊಟ್ಟರು. ಶಿಲೀಂಧ್ರಗಳ ದಾಯಾದಿಗಳು ಸಸ್ಯಗಳಲ್ಲ, ಪ್ರಾಣಿಗಳೆಂಬುದು ಆಮೇಲೆ ತಿಳಿಯಿತು. ಲೋಳೆಬೂಷ್ಟುಗಳು ಅಮೀಬಗಳ ಬಳಗಕ್ಕೆ ಸಂದುವು. ಕೊಳೆರೋಗದ ಫೈಟಾಫ್ತೊರವಂತೂ ಸಮುದ್ರದ ಕಂದು ಪಾಚಿಗಳ ನೆಂಟನಾಗಿ ನಿಂತಿತು. ಇದೆಲ್ಲ ಪಂಡಿತರ ಹೆಸರಿನ ಜಗಳವೆಂದು ತಿಳಿಯಲಾಗದು. ನಮ್ಮ ದೇವನಹಳ್ಳಿ, ದೊಡ್ಡಬಳ್ಳಾಪುರಗಳ ದ್ರಾಕ್ಷಿಯ ತೋಟದಲ್ಲಿ ಎರಡು ರೋಗಗಳುಂಟು. ಬೂದಿ ರೋಗವು ನಿಜವಾದ ಶಿಲೀಂಧ್ರದಿಂದ ಬರುವುದು. ಅದಕ್ಕೆ ಗಂಧಕವು ಮದ್ದು. ಬೆಳೆಗಾರರು ‘ಡೌನಿ’ ಎನ್ನುವ ಬೂಜು ತುಪ್ಪಟ ರೋಗವಾದರೋ ಫೈಟಾಫ್ತೊರದ ಬಳಗದ್ದು. ಅದಕ್ಕೆ ತಾಮ್ರದ ಬೋರ್ಡೊ ಬೇಕು. ಎಲೆಯ ಮೇಲೆ ಎರಡೂ ಬಿಳಿದಾಗಿಯೇ ಕಾಣುವುದರಿಂದ, ವಂಶವನ್ನರಿಯದೆ ಮದ್ದು ಹೊಡೆದವನು ಹಣವನ್ನೂ ಬೆಳೆಯನ್ನೂ ಒಟ್ಟಿಗೆ ಕಳೆದುಕೊಳ್ಳುವನು. ಕಾಫಿಯದಕ್ಕೂ ಅಡಕೆಯದಕ್ಕೂ ನಾವು ಕೊಳೆರೋಗವೆಂಬ ಒಂದೇ ಹೆಸರಿಟ್ಟಿದ್ದೆವು. ಒಂದು ಶಿಲೀಂಧ್ರ, ಇನ್ನೊಂದು ಪಾಚಿಯ ನೆಂಟ. ಲಕ್ಷಣದ ಹೆಸರು ರೋಗವನ್ನು ಕಾಣಿಸುವುದು. ಕಾರಣದ ಹೆಸರು ಮದ್ದನ್ನು ತೋರಿಸುವುದು. ಎರಡೂ ಬೇಕು.

ಆದರೆ ಈ ಇತಿಹಾಸದಲ್ಲಿ ಒಂದು ಕೊರತೆಯು ಎದ್ದು ಕಾಣುವುದು. ಬೆಳೆಗೆ ಕೆಡುಕು ಮಾಡಿದವುಗಳ ಹೆಸರೇ ಮೊದಲು ದಫ್ತರಿಗೇರಿದುವು. ಪೊಲೀಸರ ಪಟ್ಟಿಯನ್ನು ನೋಡಿ ಊರಿನ ಜನಗಣತಿಯೆಂದು ಭಾವಿಸಿದಂತಾಯಿತು ನಮ್ಮ ಸ್ಥಿತಿ. ಉದುರಿದ ಎಲೆಯನ್ನು ಗೊಬ್ಬರ ಮಾಡುವವು, ಮರದ ಬೇರಿಗೆ ನೀರುಣಿಸುವವು, ಯಾರ ಗೊಡವೆಗೂ ಹೋಗದವು ಬಹುಕಾಲ ಲೆಕ್ಕದ ಹೊರಗೇ ಉಳಿದುವು. ಹೊಳೆಯ ನೊರೆಯಲ್ಲಿ ನಾಲ್ಕು ತೋಳಿನ ನಕ್ಷತ್ರಗಳಂಥ ಶಿಲೀಂಧ್ರಕಣಗಳಿರುವುದನ್ನು 1942 ರಲ್ಲಿ ಇಂಗ್ಲೆಂಡಿನ ಇಂಗೋಲ್ಡ್ ತೋರಿಸಿದ ಮೇಲೆ, ಮಂಗಳೂರು ವಿಶ್ವವಿದ್ಯಾನಿಲಯದ ಶ್ರೀಧರ ಮತ್ತು ಕಾವೇರಿಯಪ್ಪ ಎಂಬ ವಿದ್ವಾಂಸರು ಪಶ್ಚಿಮಘಟ್ಟದ ತೊರೆಗಳಲ್ಲಿ ಅಂಥವನ್ನು ಹುಡುಕಿ ಎಣಿಸಿದರು. ಭಾರತದ ಲೋಳೆಬೂಷ್ಟುಗಳ ಗ್ರಂಥವನ್ನು ಥಿಂಡರು 1977 ರಲ್ಲಿ ಹೊರತಂದರು. ಇಡೀ ಲೋಕದಲ್ಲಿ ಇದುವರೆಗೆ ಹೆಸರು ಪಡೆದ ಶಿಲೀಂಧ್ರಜಾತಿಗಳು ಸುಮಾರು ಒಂದೂವರೆ ಲಕ್ಷ. ಇರಬಹುದಾದುವು ಇಪ್ಪತ್ತೆರಡು ಲಕ್ಷದಿಂದ ಮೂವತ್ತೆಂಟು ಲಕ್ಷವೆಂದು 2017 ರಲ್ಲಿ ವಿದ್ವಾಂಸರು ಅಂದಾಜು ಮಾಡಿರುವರು. ಎಂದರೆ, ಹದಿನೈದರಲ್ಲಿ ಒಂದರ ಪರಿಚಯವೂ ನಮಗಾಗಿಲ್ಲದಿರಬಹುದು.

ಉಳಿದವನ್ನು ಪಂಡಿತರೇ ಹುಡುಕಲಿ ಎನ್ನುವಂತಿಲ್ಲ. ಜಪಾನಿನಲ್ಲಿ ಮಿನಕಾಟ ಕುಮಗುಸು ಎಂಬೊಬ್ಬನಿದ್ದನು. ಯಾವ ವಿದ್ಯಾಪೀಠದ ಹುದ್ದೆಯೂ ಇಲ್ಲದೆ, ತನಬೆಯೆಂಬ ಸಣ್ಣ ಊರಿನಲ್ಲಿ ಕುಳಿತು, ಲೋಳೆಬೂಷ್ಟುಗಳನ್ನು ಕೂಡಿಸಿ ಗುಲಿಯೆಲ್ಮಾ ಲಿಸ್ಟರಳಿಗೆ ಕಳುಹಿಸುತ್ತಿದ್ದನು. 1917 ರಲ್ಲಿ ಅವನ ಹಿತ್ತಲಿನ ಮರದ ಮೇಲೆಯೇ ದೊರೆತ ಒಂದು ಹೊಸ ಕುಲಕ್ಕೆ ಆಕೆ 1921 ರಲ್ಲಿ ಅವನ ಹೆಸರನ್ನೇ ಇಟ್ಟಳು. ಅಲ್ಲಿಯ ಸರ್ಕಾರವು ಊರೂರಿನ ಗುಡಿಗಳನ್ನು ಒಂದುಗೂಡಿಸಿ, ಗುಡಿಯ ತೋಪುಗಳು ಕೊಡಲಿಗೆ ತುತ್ತಾದಾಗ, ಅವನು ಪತ್ರಿಕೆಗಳಲ್ಲಿ ಬರೆದು, ಸೆರೆಯನ್ನೂ ಕಂಡು ಹೋರಾಡಿದನು. 1929 ರಲ್ಲಿ ಚಕ್ರವರ್ತಿಯು ಆ ಸೀಮೆಗೆ ಬಂದಾಗ, ನೂರಹತ್ತು ಲೋಳೆಬೂಷ್ಟುಗಳನ್ನು ಮಿಠಾಯಿಯ ಡಬ್ಬಿಗಳಲ್ಲಿಟ್ಟು ಕಾಣಿಕೆ ಕೊಟ್ಟನಂತೆ.

ಈ ಕಥೆಯು ನಮಗೆ ದೂರದ್ದಲ್ಲ. 2008 ರಲ್ಲಿ ದೇವನಹಳ್ಳಿಯಲ್ಲಿ ವಿಮಾನನಿಲ್ದಾಣವು ತೆರೆದ ಮೇಲೆ ಈ ಸೀಮೆಯ ಹೊಲಗದ್ದೆಗಳು ಬಡಾವಣೆಗಳಾಗುತ್ತಿರುವುದನ್ನು ಎಲ್ಲರೂ ಬಲ್ಲರು. ತೋಪು ಹೋದರೆ ಮರ ಹೋಯಿತೆಂದು ಅಳುವವರುಂಟು. ಮರದಡಿಯ ಕೊರಡಿನಲ್ಲಿದ್ದುದು ಹೋಯಿತೆಂದು ಅಳಲು, ಅದಿತ್ತೆಂಬುದಾದರೂ ಯಾರಿಗೋ ತಿಳಿದಿರಬೇಕಷ್ಟೆ. ಆದುದರಿಂದ ಓದುಬಲ್ಲ ಮನೆಗಳವರಲ್ಲಿ ಒಂದು ಬಿನ್ನಹ. ಮಳೆಗಾಲದಲ್ಲಿ ಮಕ್ಕಳನ್ನು ಕರೆದುಕೊಂಡು ಊರಿನ ಗುಂಡುತೋಪಿಗೆ ಹೋಗಿ. ಹತ್ತರಷ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯೊಂದು ಸಾಕು. ಕಂಡದ್ದನ್ನು ತಿಥಿ, ಸ್ಥಳ, ಯಾವ ಮರ, ಎಂಥ ಬಣ್ಣ ಎಂಬುದರೊಡನೆ ಬರೆದಿಡಿ. ಲೋಳೆಬೂಷ್ಟಿನ ಕಾಯಿಗಳನ್ನು ತೊಗಟೆಯ ಸಮೇತ ನೆರಳಲ್ಲಿ ಒಣಗಿಸಿ ಬೆಂಕಿಪೊಟ್ಟಣದಲ್ಲಿಟ್ಟರೆ ಅವು ಅನೇಕ ವರ್ಷ ಕೆಡದೆ ಉಳಿಯುವುವು. ಅಜ್ಜಿಯರು ಅವಕ್ಕೆ ಹೇಳುವ ಹೆಸರನ್ನೂ ಬಿಡದೆ ಬರೆಯಿರಿ. ಕೊಳೆರೋಗವೆಂಬ ಮಾತು ಲೋಕಕ್ಕೆ ಹೋದದ್ದು ಅಂಥ ಬಾಯಿಗಳಿಂದಲೇ. ಕುಂದಾಣವು ಯಾವ ಅರಸನ ರಾಜಧಾನಿಯೆಂಬ ವಾದವು ಇನ್ನೂ ಕೆಲಕಾಲ ನಡೆಯಲಿ. ಅದರ ತೋಪಿನ ಪ್ರಜೆಗಳ ಲೆಕ್ಕವನ್ನು ಮಾತ್ರ ಈ ಮಳೆಗಾಲದಲ್ಲಿಯೇ ಆರಂಭಿಸಬಹುದು.