ಪೆಡಲ್ ದೋಣಿಯ ಚಾಲನಾ ವ್ಯವಸ್ಥೆ

ಪೆಡಲ್ ದೋಣಿಯ ಚಾಲನಾ ವ್ಯವಸ್ಥೆಯು ತುಳಿಯುವವರ ಕಾಲಿನ ಬಲವನ್ನು ಕ್ರ್ಯಾಂಕ್, ಚೈನು ಹಾಗೂ ಹಲ್ಲುಚಕ್ರಗಳ ಮೂಲಕ ನೀರನ್ನು ಹಿಂದಕ್ಕೆ ತಳ್ಳುವ ಭಾಗಕ್ಕೆ ತಲುಪಿಸುವ ಯಾಂತ್ರಿಕ ಜೋಡಣೆಯಾಗಿದೆ. ಕರ್ನಾಟಕದ ಕೆರೆ-ಹೊಳೆಗಳ ಹರಿಗೋಲು ಮತ್ತು ತೆಪ್ಪಗಳು ಹುಟ್ಟು ಅಥವಾ ಗಳುವಿನಿಂದ ಸಾಗುತ್ತವೆ. ಕಾಲಿನ ಸ್ನಾಯುಗಳು ತೋಳಿಗಿಂತ ಹೆಚ್ಚು ಹೊತ್ತು ದುಡಿಯಬಲ್ಲವು ಎಂಬುದೇ ಪೆಡಲಿನ ಅನುಕೂಲ.

ಬಲದ ಮಿತಿ

ಸಾಮಾನ್ಯ ಆರೋಗ್ಯವಂತರು ಒಂದು ಗಂಟೆ ಕಾಲ ಸುಮಾರು 75ರಿಂದ 100 ವ್ಯಾಟ್ ಶಕ್ತಿಯನ್ನು ಒದಗಿಸಬಲ್ಲರು. ವೇಗವನ್ನು ಇಮ್ಮಡಿಗೊಳಿಸಲು ಸುಮಾರು ಎಂಟು ಪಟ್ಟು ಶಕ್ತಿ ಬೇಕಾಗುವುದರಿಂದ ಮನೆಯಲ್ಲಿ ಕಟ್ಟಿದ ದೋಣಿಯಿಂದ ಗಂಟೆಗೆ 5–6 ಕಿ.ಮೀ.ಗಿಂತ ಹೆಚ್ಚನ್ನು ನಿರೀಕ್ಷಿಸುವುದು ಉಚಿತವಲ್ಲ. 1991ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ 18.5 ನಾಟ್ ವೇಗ ಮುಟ್ಟಿದ ಡೆಕವಿಟೇಟರ್ ನೀರಿನಿಂದ ಮೇಲೆದ್ದು ಸಾಗುವ, ಗಾಳಿಯಲ್ಲಿ ತಿರುಗುವ ಪ್ರೊಪೆಲ್ಲರಿನ ವಿಶೇಷ ದೋಣಿ. ಅದು ಇಲ್ಲಿ ಮಾದರಿಯಾಗದು.

ಹುಟ್ಟುಚಕ್ರ

ಅಂಚಿನಲ್ಲಿ ಹಲಗೆಗಳನ್ನು ಜೋಡಿಸಿದ ಚಕ್ರವಿದು. 60 ಸೆಂ.ಮೀ. ವ್ಯಾಸದ ಚಕ್ರದ ಸುತ್ತಳತೆ ಸುಮಾರು 1.9 ಮೀಟರ್. ನಿಮಿಷಕ್ಕೆ 60 ಸುತ್ತು ತುಳಿದರೆ ಅದರ ಅಂಚು ಸೆಕೆಂಡಿಗೆ 1.9 ಮೀಟರ್ ಚಲಿಸುತ್ತದೆ. ದೋಣಿಯ ವೇಗ ಇದಕ್ಕಿಂತ ತುಸು ಕಡಿಮೆ. ಹೀಗಾಗಿ ವೇಗವರ್ಧನೆಯ ಅಗತ್ಯವಿಲ್ಲದೆ ಕ್ರ್ಯಾಂಕನ್ನು ನೇರವಾಗಿ ಚಕ್ರದ ಅಚ್ಚಿಗೇ ಸೇರಿಸಬಹುದು. ಉದ್ಯಾನದ ಕೆರೆಗಳ ಬಾಡಿಗೆ ದೋಣಿಗಳಲ್ಲಿ ಕಾಣುವುದು ಬಹುಮಟ್ಟಿಗೆ ಇದೇ ಸರಳತೆ. ಬಿಹಾರದ ಮೋತಿಹಾರಿಯ ಮೊಹಮ್ಮದ್ ಸೈದುಲ್ಲಾ 1975ರ ಪ್ರವಾಹದ ಬಳಿಕ ರೂಪಿಸಿದ ಜಲ-ನೆಲ ಸೈಕಲ್ಲಿನಲ್ಲಿಯೂ ಹಿಂದಿನ ಗಾಲಿಗೇ ಅಲಗುಗಳನ್ನು ಜೋಡಿಸಲಾಗಿತ್ತು.

ಪ್ರೊಪೆಲ್ಲರ್

ಪ್ರೊಪೆಲ್ಲರ್ ಹೆಚ್ಚು ದಕ್ಷವಾದರೂ ವೇಗವಾಗಿ ತಿರುಗಬೇಕು. ಒಂದು ಸುತ್ತಿಗೆ 30 ಸೆಂ.ಮೀ. ಮುನ್ನಡೆಯುವಂತೆ ರೂಪಿಸಿದ ಪ್ರೊಪೆಲ್ಲರಿಗೆ ನಿಮಿಷಕ್ಕೆ ಸುಮಾರು 360 ಸುತ್ತು ಬೇಕೆಂದರೆ ಪೆಡಲಿನ ವೇಗವನ್ನು ಆರು ಪಟ್ಟು ಹೆಚ್ಚಿಸಬೇಕು. ಸೈಕಲ್ಲಿನ 44 ಹಲ್ಲಿನ ಮುಂಚಕ್ರವೂ 18 ಹಲ್ಲಿನ ಹಿಂಚಕ್ರವೂ ಸೇರಿ 2.44 ಪಟ್ಟು ನೀಡುತ್ತವೆ. ಇಂತಹ ಎರಡು ಜೋಡಿಗಳನ್ನು ನಡುವಣ ಅಚ್ಚೊಂದರ ಮೂಲಕ ಸಾಲಾಗಿ ಇರಿಸಿದರೆ ಸರಿಸುಮಾರು ಆರು ಪಟ್ಟಾಗುತ್ತದೆ. ಪೆಡಲಿನ ಅಚ್ಚು ಅಡ್ಡವಾಗಿಯೂ ಪ್ರೊಪೆಲ್ಲರಿನ ದಂಡ ಉದ್ದಕ್ಕೂ ಇರುವುದರಿಂದ ತಿರುವಿಗೆ ಬೆವೆಲ್ ಗಿಯರ್ ಅಥವಾ ತಿರುಚಿದ ಉದ್ದನೆಯ ಚೈನು ಬೇಕು. ದಂಡವನ್ನು ದೋಣಿಯ ಹಿಂಬದಿಯ ಮೇಲಿನಿಂದ ಓರೆಯಾಗಿ ಇಳಿಬಿಟ್ಟರೆ ತಳದಲ್ಲಿ ರಂಧ್ರ ಕೊರೆಯುವ ಅಪಾಯ ತಪ್ಪುತ್ತದೆ.

ಫ್ರೀವೀಲ್ ಒಂದೇ ದಿಕ್ಕಿಗೆ ಬಲ ಸಾಗಿಸುವುದರಿಂದ ಹಿಂದಕ್ಕೆ ತುಳಿದು ದೋಣಿಯನ್ನು ನಿಲ್ಲಿಸಲಾಗಲಿ, ಸಿಕ್ಕಿಕೊಂಡ ಜೊಂಡನ್ನು ಬಿಡಿಸಲಾಗಲಿ ಆಗದು. ಅದರ ಒಳಗನ್ನು ಬೆಸುಗೆ ಹಾಕಿ ಬಂಧಿಸಿದರೂ ಸಾಲದು. ಹಿಂದಕ್ಕೆ ತುಳಿದಾಗ ಅದು ಮರೆಯಿಂದ ಬಿಚ್ಚಿಕೊಳ್ಳುತ್ತದೆ. ಹಲ್ಲುಚಕ್ರವನ್ನು ಅಚ್ಚಿಗೇ ಬೆಸೆಯುವುದು ಅಥವಾ ಬೋಲ್ಟಿನಿಂದ ಬಿಗಿಯುವುದು ಸುರಕ್ಷಿತ.

ಕೆರೆಗಳಿಗೆ ಹೊಂದಾಣಿಕೆ

ಜನಪದ ಗೀತೆಯಿಂದ ಹೆಸರಾದ ಕುಣಿಗಲ್ ಕೆರೆ, ಗುಬ್ಬಿಯ ಕೆರೆ, ತುಮಕೂರಿನ ಅಮಾನಿಕೆರೆ ಮೊದಲಾದ ಬಯಲುಸೀಮೆಯ ಕೆರೆಗಳಲ್ಲಿ ನೀರಿನ ಮಟ್ಟ ಋತುವಿನೊಂದಿಗೆ ಏರಿಳಿಯುತ್ತದೆ. ಹೂಳು, ಜೊಂಡು, ಅಂತರಗಂಗೆಗಳಿರುವ ತೆಳುನೀರಿನಲ್ಲಿ ಪ್ರೊಪೆಲ್ಲರ್ ಬೇಗ ಸಿಕ್ಕಿಕೊಳ್ಳುತ್ತದೆ. ದಕ್ಷತೆ ಕಡಿಮೆಯಾದರೂ ಹಲಗೆಗಳು ಒಂದು ಗೇಣಿನಷ್ಟೇ ಮುಳುಗುವ ಹುಟ್ಟುಚಕ್ರವೇ ಇಲ್ಲಿ ಯೋಗ್ಯ. ಕೆರೆಯ ನಡುವೆ ಚೈನು ಕಡಿದರೆ ದಡ ಸೇರಲು ಒಂದು ಹುಟ್ಟೂ, ಪ್ರತಿಯೊಬ್ಬರಿಗೂ ಜೀವರಕ್ಷಕ ಅಂಗಿಯೂ ದೋಣಿಯಲ್ಲಿರಲೇಬೇಕು. ಸೀರೆಯ ಸೆರಗು, ಪಂಚೆಯ ಅಂಚು ಸಿಲುಕದಂತೆ ಚೈನಿಗೆ ಮುಚ್ಚಳವೂ ಅಗತ್ಯ. ತುಮಕೂರು ನಗರಕ್ಕೆ ಕುಡಿಯುವ ನೀರೊದಗಿಸುವ ಬುಗುಡನಹಳ್ಳಿ ಕೆರೆಯಂತಹ ಜಲಾಶಯಗಳು ಇಂತಹ ಪ್ರಯೋಗಗಳಿಗೆ ತಕ್ಕವಲ್ಲ. ಚೈನಿನ ಗ್ರೀಸ್ ತೊಳೆದು ಸೇರುವುದು ಅದೇ ನೀರಿಗೆ.